ಸೀತಾಫಲವೆಂಬ ಹೆಸರು

ಹಟ್ಟಿಯ ನೆರೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಿಲಾಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿರುವುದರಿಂದ, ದೇವಾನಾಂಪ್ರಿಯನು ಯಾರೆಂಬ ಸಂದೇಹವು ಪರಿಹಾರವಾಯಿತೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅಲ್ಲಿ ಹೆಸರೇ ಪ್ರಮಾಣವಾಯಿತು. ಆದರೆ ಅದೇ ಸೀಮೆಯ ಜನರಿಗೆ ಚಿರಪರಿಚಿತವಾದ ಸೀತಾಫಲದ ವಿಷಯದಲ್ಲಿ ಹೆಸರನ್ನೇ ಪ್ರಮಾಣವಾಗಿ ಹಿಡಿದವರು ಭ್ರಾಂತರಾಗುವರು.

ಹೆಸರು ಸಂಸ್ಕೃತವಾದುದರಿಂದ ಗಿಡವೂ ಪ್ರಾಚೀನ ಭಾರತದ್ದೇ ಎಂದು ಊಹಿಸುವುದು ಸಹಜವು. ಭಾರ್ಹುತದ ಶಿಲ್ಪಗಳಲ್ಲಿ ಈ ಹಣ್ಣು ಇದೆಯೆಂದು ಕನ್ನಿಂಗ್‌ಹ್ಯಾಮನು ಅಭಿಪ್ರಾಯಪಟ್ಟಿದ್ದನು. ಸಸ್ಯಶಾಸ್ತ್ರಜ್ಞನಾದ ಡಿ ಕ್ಯಾಂಡೋಲನು ಅದನ್ನೊಪ್ಪದೆ, ಇದರ ಸಜಾತೀಯ ವೃಕ್ಷಗಳು ಬಹುಪಾಲು ಅಮೆರಿಕದವಾದುದರಿಂದ ಇದರ ಜನ್ಮಭೂಮಿಯೂ ಅದೇ ಎಂದನು. ಇಂದಿನ ಸಸ್ಯಶಾಸ್ತ್ರಕ್ಕೂ ಇದೇ ಸಮ್ಮತವಾದ ಪಕ್ಷವು.

1753ರಲ್ಲಿ ಲಿನ್ನೇಯಸನು ಸೀತಾಫಲವನ್ನು ‘ಅನೋನ ಸ್ಕ್ವಾಮೋಸ’ (ಹುರುಪೆಯುಳ್ಳದ್ದು) ಎಂದೂ, ರಾಮಫಲವನ್ನು ‘ಅನೋನ ರೆಟಿಕ್ಯುಲೇಟ’ (ಬಲೆಯಂಥ ಗೆರೆಗಳುಳ್ಳದ್ದು) ಎಂದೂ ಕರೆದನು. ಪೂರ್ವಪದವು ಕುಲವಾಚಕ, ಉತ್ತರಪದವು ಭೇದವಾಚಕ. ನಮ್ಮ ಜನರೂ ಇವೆರಡನ್ನು ದಂಪತಿಗಳ ಹೆಸರಿನಿಂದ ಕರೆದು ಒಂದೇ ಮನೆತನಕ್ಕೆ ಸೇರಿಸಿರುವರು. ಆದುದರಿಂದ ಈ ಹೆಸರಿನಿಂದ ಗಿಡದ ಪ್ರಾಚೀನತೆಯನ್ನು ಸಾಧಿಸಲಾಗದು. ಹೊರಗಿನಿಂದ ಬಂದ ಗಿಡಗಳ ಬಾಂಧವ್ಯವನ್ನು ನಮ್ಮವರು ಗುರುತಿಸಿದ್ದರೆಂಬಷ್ಟು ಮಾತ್ರ ಅದರಿಂದ ಸಿದ್ಧವಾಗುತ್ತದೆ.