ತೊಪ್ಪೂರು ಘಾಟಿಯ ಗೇರು

ಬೆಂಗಳೂರಿನಿಂದ ಸೇಲಂಗೆ ಹೊರಟ ಕಾರು ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ ಇಳಿಯಲೇಬೇಕು. ದಾರಿ ಕಾರಿಗಿಂತ ಬಹಳ ಹಳೆಯದು. 1790ರಲ್ಲಿ ಟಿಪ್ಪು ಸುಲ್ತಾನನ ಸೇನೆ ಈ ಕಣಿವೆಯಿಂದಲೇ ದಕ್ಷಿಣಕ್ಕೆ ಇಳಿಯಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಧರ್ಮಪುರಿ ಸೇರಿದ ಬಾರಾಮಹಲ್ ಸೀಮೆ ಮೈಸೂರಿನ ಕೈತಪ್ಪಿತು. ಸೇಲಂನಿಂದ ಬೇರ್ಪಟ್ಟು ಧರ್ಮಪುರಿ ಜಿಲ್ಲೆಯಾದದ್ದು 1965ರಲ್ಲಿ.

ಆ ಕಾಲದಲ್ಲಿ ಈ ದಾರಿಯ ರಾಜ ಅಂಬಾಸಡರ್ ಕಾರು. ಗೇರ್ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲೇ, ಎಡಗೈಗೆ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಫಸ್ಟ್ ಗೇರಿಗೆ ತಳ್ಳಿದರೆ ಒಳಗೆ ಹಲ್ಲುಗಳು ಕರಕರ ಎನ್ನುತ್ತಿದ್ದವು. 1983ರ ಕೊನೆಗೆ ಬಂದ ಮಾರುತಿ 800ರಲ್ಲಿ ಕಡ್ಡಿ ಸೀಟುಗಳ ನಡುವೆ ನೆಲಕ್ಕಿಳಿದಿತ್ತು, ಕ್ಲಚ್ಚೂ ಹಗುರ.

ಘಾಟಿಯ ಪಾಠ ಮಾತ್ರ ಬದಲಾಗಲಿಲ್ಲ: ಹತ್ತುವ ಗೇರಿನಲ್ಲೇ ಇಳಿ.

ಗೇರಿನಲ್ಲಿದ್ದರೆ ಎಂಜಿನ್ನೇ ಚಕ್ರಗಳನ್ನು ಹಿಡಿದೆಳೆಯುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದ ಲಾರಿಯ ಭಾರವೆಲ್ಲ ಬ್ರೇಕಿನ ಮೇಲೆ. ಅದು ಕಾದರೆ ಹಿಡಿತ ಹೋಯಿತು. ಇಲ್ಲಿನ ಎಷ್ಟೋ ಸರಣಿ ಅಪಘಾತಗಳ ಹಿಂದೆ ಇದೇ ಕಥೆ. ಎದುರು ದಿಕ್ಕಿನಲ್ಲಿ, ಲಾರಿ ಸಾಲಿನ ಹಿಂದೆ ಏರುವವರಿಗೆ ಹಾಫ್ ಕ್ಲಚ್ಚಿನ ಸಂಕಟ: ಪ್ಲೇಟ್ ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ತಪ್ಪಿನ ಅರಿವು. ಬದಲಿಗೆ ಹ್ಯಾಂಡ್‌ಬ್ರೇಕ್ ಎಳೆದು ಕಾಯಬೇಕು.

ಘಾಟಿಗೆ 6.6 ಕಿ.ಮೀ. ಎತ್ತರಿಸಿದ ರಸ್ತೆಯ ಯೋಜನೆ ರೂಪುಗೊಂಡಿದೆ. ರಸ್ತೆ ಸಿದ್ಧವಾಗುವವರೆಗೆ, ಸೇಲಂ ಕಡೆ ಇಳಿಯುವವರು ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿಕೊಳ್ಳಿ.