ಯಾಪ್ಯವೇದನೆ ಮತ್ತು ನಿತ್ಯೋಪಚಾರ

ಪ್ರಾಚೀನ ವೈದ್ಯಸಂಹಿತೆಗಳು ವ್ಯಾಧಿಗಳನ್ನು ಸಾಧ್ಯಾಸಾಧ್ಯಭೇದದಿಂದ ವಿಭಾಗಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಚರಕಸಂಹಿತೆಯ ಸೂತ್ರಸ್ಥಾನದ 10ನೆಯ ಅಧ್ಯಾಯದಲ್ಲಿ ಅಸಾಧ್ಯವು ಯಾಪ್ಯವೆಂದೂ ಪ್ರತ್ಯಾಖ್ಯೇಯವೆಂದೂ ಎರಡು ಬಗೆಯಾಗಿ ಹೇಳಲ್ಪಟ್ಟಿದೆ. ಗುಣವಾಗದಿದ್ದರೂ ಚಿಕಿತ್ಸೆ ನಡೆಯುವವರೆಗೆ ತಡೆದು ನಿಲ್ಲುವ ರೋಗವು ಯಾಪ್ಯ. ಯಾವ ಚಿಕಿತ್ಸೆಗೂ ಬಗ್ಗದೆ ವೈದ್ಯನು ಕೈಬಿಡತಕ್ಕದ್ದು ಪ್ರತ್ಯಾಖ್ಯೇಯ. ಸುಶ್ರುತನು ಯಾಪ್ಯರೋಗಿಯನ್ನು ಬೀಳಲಿರುವ ಮನೆಗೂ, ಚಿಕಿತ್ಸೆಯನ್ನು ಅದಕ್ಕೆ ಸರಿಯಾಗಿ ಕೊಟ್ಟ ಆಸರೆಗಂಬಕ್ಕೂ ಹೋಲಿಸಿದ್ದಾನೆ. ಕಂಬವನ್ನು ತೆಗೆದೊಡನೆ ಮನೆಯು ಬೀಳುವುದು. ಅಸಾಧ್ಯರೋಗಕ್ಕೆ ಕೈಹಾಕಿದ ವೈದ್ಯನು ಅರ್ಥವನ್ನೂ ವಿದ್ಯೆಯನ್ನೂ ಯಶಸ್ಸನ್ನೂ ಕಳೆದುಕೊಳ್ಳುವನೆಂದು ಚರಕನು ಎಚ್ಚರಿಸುತ್ತಾನೆ.

ಇಲ್ಲಿ ಒಂದು ಪ್ರಶ್ನೆ ಉದ್ಭವಿಸುತ್ತದೆ. ರೋಗವು ಪ್ರತ್ಯಾಖ್ಯೇಯವಾದ ಮಾತ್ರಕ್ಕೆ ಅದರ ವೇದನೆಯೂ ಪ್ರತ್ಯಾಖ್ಯೇಯವೆ? ಈ ಎರಡನ್ನೂ ಒಂದೇ ಎಂದು ಭಾವಿಸಿದಲ್ಲೆಲ್ಲ ರೋಗವನ್ನು ಬಿಟ್ಟ ವೈದ್ಯನು ರೋಗಿಯನ್ನೂ ಬಿಟ್ಟನು. ಇವುಗಳನ್ನು ಬೇರ್ಪಡಿಸಿದ ಕಾರ್ಯವು 20ನೆಯ ಶತಮಾನದಲ್ಲಿ ಲಂಡನ್ ನಗರದ ಕೆಲವು ಆರೈಕೆಮನೆಗಳಲ್ಲಿ ನಡೆಯಿತು.

ಅಫೀಮು ಹೊಸ ಔಷಧವಲ್ಲ. ಅದರ ಸತ್ತ್ವವಾದ ಮಾರ್ಫಿನ್ 19ನೆಯ ಶತಮಾನದ ಆದಿಯಲ್ಲಿಯೇ ಬೇರ್ಪಡಿಸಲ್ಪಟ್ಟಿತ್ತು. ಕೊರತೆಯಿದ್ದುದು ಕೊಡುವ ಕ್ರಮದಲ್ಲಿ. ನೋವು ಮರುಕಳಿಸಿ ರೋಗಿಯು ಬೇಡಿದ ಮೇಲೆ ಔಷಧವನ್ನು ಕೊಡುವುದೇ ಆಸ್ಪತ್ರೆಗಳಲ್ಲಿ ರೂಢಿಯಾಗಿತ್ತು. ಚಟ ಹತ್ತೀತೆಂಬ ಭಯದಿಂದ ಆಗಲೂ ತಡೆದು ಕೊಡುತ್ತಿದ್ದರು. ಇದರ ಫಲವಾಗಿ ಪ್ರತಿಯೊಂದು ಗುಟುಕಿಗೂ ಮೊದಲು ಒಂದು ಯಾತನೆಯು ತಪ್ಪದೆ ಬರುತ್ತಿತ್ತು. ಸುಶ್ರುತನ ಉಪಮೆಯಿಂದ ಹೇಳುವುದಾದರೆ, ಮನೆಯು ವಾಲಿದ ಮೇಲೆ ಕಂಬವನ್ನು ಕೊಟ್ಟು, ನೆಟ್ಟಗಾದೊಡನೆ ಕಿತ್ತು, ಮತ್ತೆ ವಾಲುವುದನ್ನು ಕಾಯುತ್ತಿದ್ದರು.

1893ರಲ್ಲಿ ಸ್ಥಾಪಿತವಾದ ಸೇಂಟ್ ಲ್ಯೂಕ್ಸ್ ಎಂಬ ಆರೈಕೆಮನೆಯಲ್ಲಿ ಬೇರೊಂದು ಕ್ರಮವು ಬಳಕೆಗೆ ಬಂದಿತ್ತು. ಅಲ್ಲಿ ಔಷಧವನ್ನು ಗಡಿಯಾರವನ್ನು ನೋಡಿ, ನೋವು ಮರಳುವ ಮುನ್ನವೇ ಬಾಯಿಯ ಮೂಲಕ ಕೊಡುತ್ತಿದ್ದರು. 1948ರಲ್ಲಿ ಸ್ವಯಂಸೇವಕಿಯಾಗಿ ಅಲ್ಲಿಗೆ ಬಂದ ಸಿಸಿಲಿ ಸಾಂಡರ್ಸ್ (1918–2005) ಇದನ್ನು ಕಂಡರು. ಮೊದಲು ದಾದಿಯಾಗಿದ್ದ ಈಕೆ 1957ರಲ್ಲಿ ವೈದ್ಯಪದವಿಯನ್ನು ಪಡೆದು, ಮರುವರ್ಷದಿಂದ ಹ್ಯಾಕ್ನಿಯ ಸೇಂಟ್ ಜೋಸೆಫ್ಸ್ ಆರೈಕೆಮನೆಯಲ್ಲಿ ಆ ಕ್ರಮವನ್ನು ನೆಲೆಗೊಳಿಸಿ, ಅಲ್ಲಿನ ರೋಗಿಗಳ ವೃತ್ತಾಂತವನ್ನು ದಾಖಲೆಯಾಗಿ ಸಂಗ್ರಹಿಸಿದರು. ನಿಯತಕಾಲದಲ್ಲಿ ಕೊಟ್ಟಾಗ ರೋಗಿಯು ಔಷಧಕ್ಕಾಗಿ ಹಾತೊರೆಯುವುದಿಲ್ಲ, ಎಚ್ಚರವಾಗಿ ಮಾತುಕತೆಗಳಲ್ಲಿ ಇರಬಲ್ಲನು ಎಂಬುದು ಅದರಿಂದ ತಿಳಿದುಬಂದಿತು. 1967ರಲ್ಲಿ ಈಕೆ ಸ್ಥಾಪಿಸಿದ ಸೇಂಟ್ ಕ್ರಿಸ್ಟೋಫರ್ಸ್ ಸಂಸ್ಥೆಯು ಚಿಕಿತ್ಸೆ, ಬೋಧನೆ, ಸಂಶೋಧನೆ ಮೂರಕ್ಕೂ ನೆಲೆಯಾಯಿತು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದೇ ನ್ಯಾಯವನ್ನು ಎಲ್ಲ ದೇಶಗಳಿಗೂ ಉಪದೇಶಿಸಿತು.

ಈ ಉಪಚಾರದ ದಿನಚರಿಯು ಸಾಮಾನ್ಯವಾದ ಕೆಲಸಗಳಿಂದಲೇ ಕೂಡಿದೆ. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ದ್ರವ. ಮುಂದಿನ ಹೊತ್ತಿನವರೆಗೆ ನೋವು ತಲೆಯೆತ್ತದಷ್ಟೇ ಅದರ ಪ್ರಮಾಣ. ಅದು ಮಲಬದ್ಧತೆಯನ್ನುಂಟುಮಾಡುವುದರಿಂದ ಜೊತೆಯಲ್ಲಿಯೇ ವಿರೇಚಕ. ಒಣಗಿದ ಬಾಯಿಯನ್ನು ಆಗಾಗ ಒರೆಸಿ ತೇವಗೊಳಿಸುವುದು, ಹಾಸಿಗೆಹುಣ್ಣು ಬಾರದಂತೆ ಮಗ್ಗುಲು ಬದಲಿಸುವುದು, ಉಸಿರು ಕಟ್ಟಿದವನ ಮುಖಕ್ಕೆ ಗಾಳಿ ಬೀಸುವುದು, ಮನೆಯವರ ಅಳಲನ್ನು ಕೇಳುವುದು. ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ ಎಂಬ ನಾಲ್ಕನ್ನು ಚರಕನು ಪರಿಚಾರಕನ ಗುಣಗಳೆಂದು ಎಣಿಸಿದ್ದಾನೆ. ಇಲ್ಲಿ ಅವು ವೈದ್ಯನಿಗೂ ಬೇಕಾದವು. ಲಂಡನ್ನಿನ ಕ್ರಮವು ಸಂಹಿತೆಗಳಿಂದ ಬಂದುದೆಂದು ಇದರ ತಾತ್ಪರ್ಯವಲ್ಲ. ಯುಕ್ತಿಸಾಮ್ಯ ಮಾತ್ರ ಗ್ರಾಹ್ಯ.

ಭಾರತದಲ್ಲಿ ಇದಕ್ಕೆ ವಿಚಿತ್ರವಾದ ವಿಘ್ನವು ಒದಗಿತು. ಔಷಧಕ್ಕಾಗಿ ಅಫೀಮನ್ನು ಬೆಳೆದು ಪರದೇಶಗಳಿಗೆ ಕಳುಹುವ ಈ ದೇಶದಲ್ಲಿಯೇ, 1985ರ ಮಾದಕದ್ರವ್ಯಗಳ ಕಾನೂನಿನ ಕಟ್ಟುಪಾಡುಗಳಿಂದ ರೋಗಿಗಳಿಗೆ ಮಾರ್ಫಿನ್ ದುರ್ಲಭವಾಯಿತು. 2014ರ ತಿದ್ದುಪಡಿಯು ಆ ಬಿಗಿಯನ್ನು ಸಡಿಲಿಸಿತು. ಅಷ್ಟರಲ್ಲಿ 1993ರಲ್ಲಿ ಕಲ್ಲಿಕೋಟೆಯಲ್ಲಿ ಹುಟ್ಟಿದ ಸಂಘವು ನೆರೆಹೊರೆಯವರನ್ನೇ ಪರಿಚಾರಕರನ್ನಾಗಿ ತರಬೇತುಗೊಳಿಸಿ ಉಪಚಾರವನ್ನು ಮನೆಬಾಗಿಲಿಗೆ ಒಯ್ದಿತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ನ್ಯಾಸವೊಂದರ ಕರುಣಾಶ್ರಯವು 1999ರಿಂದ ಅರ್ಬುದರೋಗಿಗಳನ್ನು ಶುಲ್ಕವಿಲ್ಲದೆ ಸಲಹುತ್ತಿದೆ.

ಕೊನೆಯದಾಗಿ ಶಬ್ದವಿಚಾರ. ಪಾಶ್ಚಾತ್ಯರು ಈ ಚಿಕಿತ್ಸೆಗೆ ಬಳಸುವ 'ಪ್ಯಾಲಿಯೇಟಿವ್' ಎಂಬ ಪದವು ಹೊದಿಕೆಯೆಂದರ್ಥವುಳ್ಳ ಲ್ಯಾಟಿನ್ನಿನ 'ಪ್ಯಾಲಿಯಂ' ಶಬ್ದದಿಂದ ನಿಷ್ಪನ್ನವಾದುದು. ನೋವನ್ನು ಮುಚ್ಚುವುದೆಂದು ಅದರ ಭಾವ. 'ಯಾಪ್ಯ'ವಾದರೋ 'ಯಾ' ಧಾತುವಿನ ಪ್ರೇರಣಾರ್ಥದಿಂದ ಬಂದುದು. ಸಾಗುವಂತೆ ಮಾಡತಕ್ಕದ್ದು ಎಂದರ್ಥ. ಕನ್ನಡದ 'ಕಾಲಯಾಪನೆ'ಯಲ್ಲಿ ಆ ಅರ್ಥವು ಇಂದಿಗೂ ಉಳಿದಿದೆ. ಉಳಿದ ದಿನಗಳನ್ನು ನೋವಿಲ್ಲದೆ ಸಾಗಿಸಿಕೊಡುವ ಕಾರ್ಯಕ್ಕೆ 'ಯಾಪನಚಿಕಿತ್ಸೆ' ಎಂಬ ಹೆಸರು ಒಪ್ಪುವುದೋ ಎಂಬುದನ್ನು ಪರಿಭಾಷಾನಿರ್ಮಾಣದಲ್ಲಿ ತೊಡಗಿರುವ ವಿದ್ವಾಂಸರು ಪರಾಮರ್ಶಿಸಬಹುದು.