ನಮ್ಮ ಸೀಮೆಯ ಕೌದಿಗಳು

ಯಾದಗಿರಿ, ಶಹಾಪುರ, ಸುರಪುರಗಳ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಕೋಟೆಯಿಂದಲೇ ಆರಂಭಿಸುವರು. ಯಾದಗಿರಿಯ ಬೆಟ್ಟದ ಮೇಲಿನ ಬುರುಜುಗಳು, ಸುರಪುರದ ನಾಯಕರ ಪರಾಕ್ರಮ, 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಆಂಗ್ಲರಿಗೆ ಇದಿರಾಗಿ ನಿಂತುದು, ಇವೆಲ್ಲವೂ ಬರೆಯತಕ್ಕ ವಿಷಯಗಳೇ ಸರಿ. ಆದರೆ ಆ ಪುಟಗಳಲ್ಲಿ ಹೆಂಗಸಿನ ಹೆಸರು ಎಷ್ಟು ಸಲ ಬರುವುದೆಂದು ಎಣಿಸಿ ನೋಡಿದರೆ ಮನಸ್ಸಿಗೆ ಖೇದವೆನಿಸುವುದು. ರಾಣಿ ಈಶ್ವರಮ್ಮನ ಹೆಸರು ಬರುತ್ತದೆ, ನಿಜ. ಆದರೆ ಆಕೆಯನ್ನು ನಾವು ಬಹುಮಟ್ಟಿಗೆ ಅರಿತಿರುವುದು, ಆಕೆಯೊಡನೆ ಸೆಣಸಿದ ಮೆಡೋಸ್ ಟೇಲರ್ ಸಾಹೇಬನ ಆತ್ಮಕಥೆಯಿಂದ. ಅದೂ ಅವನು ತೀರಿಕೊಂಡ ಮೇಲೆ 1877ರಲ್ಲಿ ಪ್ರಕಟವಾದುದು. ರಾಣಿಯ ಮಾತೇ ಇದಿರಾಳಿಯ ಬಾಯಿಂದ ಕೇಳಿಬರಬೇಕಾದರೆ, ಹತ್ತಿಯ ಹೊಲದಲ್ಲಿ ದುಡಿದು ಜೋಳದ ರೊಟ್ಟಿ ಬಡಿದು ಹತ್ತು ಮಕ್ಕಳನ್ನು ಸಾಕಿದವಳ ಮಾತು ಎಲ್ಲಿ ಸಿಕ್ಕೀತು? ನಿಜಾಮರ ಕಾಲದ ಉರ್ದು ದಫ್ತರಗಳನ್ನು ಅವಳು ಬರೆದವಳೂ ಅಲ್ಲ, ಓದಿದವಳೂ ಅಲ್ಲ.

ಅವಳು ತನ್ನ ಕೈಯಿಂದ ಮಾಡಿ ಬಿಟ್ಟುಹೋದ ದಸ್ತಾವೇಜು ಒಂದೇ ಉಂಟು. ಅದು ಗಡಂಚಿಯ ಮೇಲೆ ಮಡಿಚಿಟ್ಟ ಕೌದಿ.

ಕೌದಿಯನ್ನು ನಮ್ಮ ವಾಚಕರಿಗೆ ಪರಿಚಯಿಸಿಕೊಡಬೇಕಾದ ಅಗತ್ಯವಿಲ್ಲ. ಹಳೆಯ ಸೀರೆ ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತುಂಡು ತುಂಡು ಬಟ್ಟೆಗಳನ್ನು ಹೊಂದಿಸಿ, ಸಾಲು ಹೊಲಿಗೆಯಿಂದ ಬಿಗಿದ ಹಾಸಿಗೆ ಹೊದಿಕೆಯದು. ಮರಾಠಿಗರು ಇದನ್ನು ಗೋಧಡಿ ಎನ್ನುವರು. ತೆಲುಗರ ಬೊಂತ ಇದೇ. ನಮ್ಮ ನುಡಿಯಲ್ಲಿ ಬೊಂತೆ, ಕಂತೆ ಎಂಬ ಹಳೆಯ ಹೆಸರುಗಳೂ ಉಂಟು. ‘ಕಂತೆಗೆ ತಕ್ಕ ಬೊಂತೆ’ ಎಂದು ನಾವು ಹಾಸ್ಯಕ್ಕೆ ಆಡುವ ಮಾತು ಈ ಹರಕು ಬಟ್ಟೆಯ ಸಂಸಾರದಿಂದಲೇ ಬಂದುದು. ‘ಕಂತೆ ಒಗೆದನು’ ಎಂದರೆ ಸತ್ತನೆಂದು ಅರ್ಥ. ತೇಪೆ ಹಾಕಿದ ಬಟ್ಟೆಗೂ ಮನುಷ್ಯನ ದೇಹಕ್ಕೂ ನಮ್ಮ ಹಿರಿಯರು ಕಂಡ ಈ ಸಂಬಂಧವನ್ನು ಹಾಸ್ಯವೆಂದು ತಳ್ಳಿಬಿಡುವಂತಿಲ್ಲ.

ಬಟ್ಟೆಯ ವಿಷಯ ಬಂದಮೇಲೆ ಸುರಪುರ ಸೀಮೆಯ ಮುದನೂರನ್ನು ನೆನೆಯದೆ ಮುಂದೆ ಹೋಗಲಾಗದು. ಆದ್ಯ ವಚನಕಾರರಲ್ಲಿ ಒಬ್ಬನಾದ ಜೇಡರ ದಾಸಿಮಯ್ಯನ ಊರದು. ಅವನ ಅಂಕಿತವಾದ ರಾಮನಾಥನ ಗುಡಿಯು ಅಲ್ಲಿದೆ. ಅವನು ನೇಕಾರ. ಅವನು ಬಹುಶ್ರಮದಿಂದ ನೇಯ್ದ ಬಟ್ಟೆಯೊಂದನ್ನು ಹೊತ್ತು ಬರುತ್ತಿರುವಾಗ ವೃದ್ಧ ಜಂಗಮನೊಬ್ಬನು ಬೇಡಿ ಪಡೆದು, ಕಣ್ಣೆದುರಿನಲ್ಲಿಯೇ ಹರಿದು ಚೂರುಮಾಡಿದನೆಂದೂ, ದಾಸಿಮಯ್ಯನು ಕೋಪಿಸಿಕೊಳ್ಳದೆ ಅವನನ್ನು ಮನೆಗೆ ಕರೆತಂದನೆಂದೂ, ಕೊನೆಗೆ ಶಿವನು ಪ್ರಸನ್ನನಾಗಿ ತವನಿಧಿಯನ್ನು ದಯಪಾಲಿಸಿದನೆಂದೂ ಪುರಾಣ ಹೇಳುವುದು. ಇದನ್ನು ಭಕ್ತಿಯ ಕತೆಯೆಂದು ಓದುವುದು ವಾಡಿಕೆ. ನನಗಾದರೋ ಇದು ಮನೆಯ ಕತೆಯೂ ಅಹುದೆಂದು ತೋರುತ್ತದೆ. ಮಾರಬೇಕಾದ ಬಟ್ಟೆ ಚೂರಾಗಿ, ಕೈಯಲ್ಲಿ ಕಾಸಿಲ್ಲದೆ, ಜೊತೆಗೆ ಅತಿಥಿಯನ್ನೂ ಕರೆದುಕೊಂಡು ಬಂದ ಗಂಡನನ್ನು ಮೋರೆ ಗಂಟಿಕ್ಕದೆ ಬರಮಾಡಿಕೊಂಡ ದುಗ್ಗಳೆಯ ಪಾಲು ಅದರಲ್ಲಿ ಚಿಕ್ಕದಲ್ಲ. ಆಕೆಯೂ ವಚನಗಳನ್ನು ರಚಿಸಿದವಳೇ. ಮುಂದೆ ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ ಮೊದಲಾದ ಶರಣರು ಸೂಜಿಯನ್ನೂ ಕದಿರನ್ನೂ ತಮ್ಮ ಹೆಸರಿನೊಡನೆಯೇ ಸೇರಿಸಿಕೊಂಡರು. ಸೂಜಿಯ ಕೆಲಸವು ಕೀಳೆಂಬ ಭಾವನೆ ಈ ನಾಡಿನಲ್ಲಿ ಮೊದಲಿನಿಂದ ಇದ್ದುದಲ್ಲ.

ಇನ್ನು ಕೌದಿಯ ಒಳಗನ್ನು ನೋಡುವಾ. ಸುಗ್ಗಿ ಮುಗಿದು ಬಿಸಿಲೇರಿದ ದಿನಗಳಲ್ಲಿ, ಊಟವಾದ ಮೇಲೆ, ಪಡಸಾಲೆಯಲ್ಲಿಯೋ ಬೇವಿನ ನೆರಳಿನ ಕಟ್ಟೆಯ ಮೇಲೋ ಇದರ ಕೆಲಸ ನಡೆಯುವುದು. ಕೆಳಗೆ ಗಟ್ಟಿಯಾದ ಸೀರೆ. ನಡುವೆ ಸವೆದ ಬಟ್ಟೆಗಳ ಪದರ. ಮೇಲೆ ಕಣ್ಣಿಗೆ ಚೆನ್ನಾಗಿ ಕಾಣುವ ತುಂಡುಗಳು. ಅಂಚಿನಿಂದ ಹೊಲಿಯತೊಡಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವರು. ಇಳಕಲ್ ಸೀರೆಯ ದಡಿ ಕೌದಿಯ ದಡಿಯಾಗುವುದು. ಮದುವೆಯಲ್ಲಿ ಉಟ್ಟ ಸೀರೆಯ ಕೆಂಪು ಸೆರಗು ನಡುವಣ ಚೌಕವಾಗುವುದು. ಖಣದ ಕುಪ್ಪಸವು ಮೂಲೆಯ ಮುಕ್ಕೋನಗಳಾಗುವುದು. ಹಸುಗೂಸಿನ ಕುಲಾವಿ ಕುಂಚಿಗೆಗಳು, ಮಗು ದೊಡ್ಡದಾದ ಬಳಿಕ, ಅದರ ತಮ್ಮನಿಗೋ ತಂಗಿಗೋ ಹೊಲಿದ ತೊಟ್ಟಿಲ ಕೌದಿಯಲ್ಲಿ ಕಾಣಿಸಿಕೊಳ್ಳುವುವು. ತೀರಿಕೊಂಡ ಅತ್ತೆಯ ಸೀರೆಯನ್ನು ಉಡಲು ಮನಸ್ಸು ಬಾರದ ಸೊಸೆಯು ಅದನ್ನು ಎಸೆಯಲೂ ಆರದೆ ಕೌದಿಗೆ ಸೇರಿಸುವಳು. ಆ ಅತ್ತೆಸೊಸೆಯರು ಬದುಕಿದ್ದಾಗ ಹೇಗಿದ್ದರೆಂಬುದು ಬೇರೆ ಮಾತು.

ಕೌದಿ ಹರಿದರೆ ಅದನ್ನು ಬಿಸಾಡುವ ರೂಢಿಯಿಲ್ಲ. ಅದರ ಮೇಲೆಯೇ ಹೊಸ ಬಟ್ಟೆ ಹೊದಿಸಿ ಮತ್ತೆ ಹೊಲಿಯುವರು. ಹಳೆಯ ಕೌದಿಯು ಹೊಸದರ ಹೊಟ್ಟೆಯೊಳಗೆ ಉಳಿದುಬಿಡುವುದು. ಸುರಪುರ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿದಿಬ್ಬವನ್ನು ಕಳೆದ ಶತಮಾನದ ಕೊನೆಯಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆಯಿಸಿ, ಪದರ ಪದರವಾಗಿ ಓದಿ, ಆ ಜನರ ಬಾಳುವೆಯನ್ನು ತಿಳಿಸಿಕೊಟ್ಟರು. ಬಲ್ಲವರು ನೋಡಿದರೆ ಕೌದಿಯೂ ಅದೇ ರೀತಿ ಓದಲು ಬರುವಂಥದು. ತೀರ ಒಳಗೆ ಕೈಮಗ್ಗದ ದಪ್ಪ ನೂಲಿನ ಬಟ್ಟೆ. ಅದರ ಮೇಲೆ ಗಿರಣಿಯ ಬಟ್ಟೆ: ಮುಂಬಯಿ ಮದರಾಸುಗಳ ನಡುವಣ ರೈಲುದಾರಿಯು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು, ಯಾದಗಿರಿಯು ಆ ದಾರಿಯ ನಿಲ್ದಾಣವಾಯಿತು, ಇಲ್ಲಿಯ ಹತ್ತಿ ಹೊರಗೆ ಹೋಗಿ ಗಿರಣಿಯ ಅಗ್ಗದ ಬಟ್ಟೆ ಒಳಗೆ ಬರತೊಡಗಿತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬಟ್ಟೆಗೆ ನಿಯಂತ್ರಣ ಬಂದಾಗ ಅಂಗೈಯಗಲದ ಚೂರಿಗೂ ಬೆಲೆ ಬಂದಿತು. ಮೇಲಣ ಪದರದಲ್ಲಿ ನೈಲಾನು, ಪಾಲಿಯೆಸ್ಟರು. ಇವು ಬಣ್ಣಗೆಡವು, ಬೇಗ ಹರಿಯವು. ಆದರೆ ಬೆವರನ್ನು ಹೀರವು, ಸೂಜಿಗೆ ನಿಲ್ಲದೆ ಜಾರುವುವು. ನಮ್ಮ ಬೇಸಗೆಯಲ್ಲಿ ಅಂಥ ಕೌದಿಯ ಮೇಲೆ ಮಲಗಿ ನೋಡಿದವರಿಗೆ ಹತ್ತಿಯ ಬೆಲೆ ತಿಳಿಯುವುದು.

ಎಲ್ಲ ಕೌದಿಗಳನ್ನೂ ಮನೆಯವರೇ ಹೊಲಿದರೆಂದು ಹೇಳಿದರೆ ಅದು ಅರ್ಧಸತ್ಯವಾದೀತು. ಗೊಂದಲಿಗರೇ ಮೊದಲಾದ ಅಲೆಮಾರಿ ಸಮುದಾಯಗಳ ಸ್ತ್ರೀಯರು ಊರಿಂದೂರಿಗೆ ಹೋಗಿ, ಕಾಳಿಗೋ ಕಾಸಿಗೋ ಕೌದಿ ಹೊಲಿದುಕೊಟ್ಟು ಜೀವನ ಮಾಡುತ್ತ ಬಂದಿರುವರು. ಮನೆಯೊಡತಿಯ ನೆನಪು, ಪರರ ಕೈಯ ಹೊಲಿಗೆ! ಆ ಕೈಗೆ ದೊರೆತ ಕೂಲಿಯು ಅತ್ಯಲ್ಪ. ಕೌದಿಯನ್ನು ಹೊಗಳುವ ನಾವು ಇದನ್ನು ಮರೆತರೆ, ಕೋಟೆಯನ್ನು ಹೊಗಳಿ ಕಲ್ಲು ಹೊತ್ತವರನ್ನು ಬಿಟ್ಟ ಇತಿಹಾಸಕಾರರಿಗೂ ನಮಗೂ ಭೇದವಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳಲ್ಲಿ ನೆಲಸಿದ, ಆಫ್ರಿಕದ ಮೂಲದವರಾದ ಸಿದ್ದಿಯರೂ ಕೌದಿಯನ್ನು ಹೊಲಿಯುವರು. ಮೂಲೆಗಳಲ್ಲಿ ಅವರು ಮಡಿಚಿ ಹೊಲಿಯುವ ಪುಟ್ಟ ಮುಕ್ಕೋನಗಳಿಗೆ ಹೂವಿನ ಹೆಸರುಂಟು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಇಂದು ಆ ಕೌದಿಗಳು ಅಮೆರಿಕದ ಪ್ರದರ್ಶನಗಳನ್ನು ಕಂಡಿವೆ. ನಮ್ಮ ಮೂರು ಊರುಗಳ ಸುತ್ತಲಿನ ತಾಂಡಾಗಳಲ್ಲಿರುವ ಲಂಬಾಣಿ ಸೋದರಿಯರ ಕನ್ನಡಿ ಕಸೂತಿಯ ಮಾತೂ ಹೀಗೆಯೇ: ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದ್ದು, 2023ರಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ಕಾಲಕ್ಕೆ 1755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ಇದು ಸಂತೋಷದ ಸಂಗತಿ. ಆದರೆ ಮಾರುವುದಕ್ಕೆಂದೇ ಅಂಗಡಿಯ ಹೊಸ ಬಟ್ಟೆಯನ್ನು ಕತ್ತರಿಸಿ ಹೊಲಿದ ಕೌದಿಯನ್ನು ಪಟ್ಟಣದ ಗೋಡೆಯ ಮೇಲೆ ನೋಡಿದಾಗ ನನಗೆ ಒಂದು ಕೊರತೆ ಕಾಣುವುದು. ಹೊಲಿದವಳಿಗೆ ನ್ಯಾಯವಾದ ಹಣ ಬರುವುದಾದರೆ ಅದು ಬೆಳೆಯಲಿ, ಆಕ್ಷೇಪವಿಲ್ಲ. ಆದರೆ ಆ ತುಂಡುಗಳಲ್ಲಿ ಯಾವುದೂ ಯಾರದೂ ಅಲ್ಲ.

ನಮ್ಮಲ್ಲಿಯಾದರೋ ಹಾನಿಯು ಬೇರೆ ದಾರಿಯಿಂದ ಬರುತ್ತಿದೆ. ಹಳೆಯ ಸೀರೆಗಳನ್ನು ಸ್ಟೀಲು ಪಾತ್ರೆಯವನು ಒಯ್ಯುತ್ತಿರುವನು. ಕೌದಿಗೆ ಬಟ್ಟೆಯೇ ಉಳಿಯದು. ಗಿರಣಿಯ ರಗ್ಗು ಅಗ್ಗವಾಗಿ ದೊರೆಯುವುದು. ಮಳೆ ಕೈಕೊಟ್ಟ ವರ್ಷ ದುಡಿಮೆಗಾಗಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಸಂಸಾರಗಳು ಗಂಟಿನಲ್ಲಿ ಕಟ್ಟಿಕೊಂಡು ಹೋದ ಕೌದಿ ಎಷ್ಟೋ ಸಲ ಹಿಂದಿರುಗುವುದಿಲ್ಲ. ಬಟ್ಟೆ ಹೋದರೆ ಅರ್ಧ ನಷ್ಟ. ಯಾವ ತುಂಡು ಯಾರದೆಂದು ಬಲ್ಲ ಮುದುಕಿ ಹೋದರೆ, ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟ ಕೌದಿಯೂ ಲಿಪಿ ತಿಳಿಯದ ಶಾಸನವಾಗುವುದು.

ಶಾಸನಗಳ ಪಡಿಯಚ್ಚನ್ನು ತೆಗೆಯಲು ನಮ್ಮಲ್ಲಿ ಉತ್ಸಾಹಿಗಳುಂಟು. ಅವರು ಮಹಾನವಮಿಯ ಮುನ್ನಾದಿನಗಳಲ್ಲಿ ಭೀಮೆಯ ದಂಡೆಗೋ ಕೃಷ್ಣೆಯ ದಂಡೆಗೋ ಸಮೀಪದ ಹಳ್ಳಕ್ಕೋ ಒಂದು ಬೆಳಗು ಹೋಗಲಿ. ಹಬ್ಬಕ್ಕೆ ಮೊದಲು ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೇರಿಕೊಂಡು ಬಂದು ಒಗೆದು, ಬಂಡೆಗಳ ಮೇಲೂ ಜಾಲಿಯ ಕಂಟಿಗಳ ಮೇಲೂ ಹರವುವರು. ವರ್ಷದಲ್ಲಿ ಅದೊಂದು ಸಲ ಊರಿನ ಕೌದಿಗಳೆಲ್ಲ ಬಿಸಿಲಿಗೆ ಬಿಚ್ಚಿಕೊಂಡಿರುವುವು. ಅವು ಒಣಗುವವರೆಗೆ ಮುದುಕಿಯರಿಗೂ ಬಿಡುವಿರುವುದು. ಈ ನೀಲಿ ತುಂಡು ಯಾರ ಸೀರೆ, ಎಲ್ಲಿಯದು, ಯಾವ ಮದುವೆಯದು, ಆಕೆ ಯಾವ ಊರಿಂದ ಬಂದವಳು, ಹೊಲಿದವರು ಯಾರು, ಅವರಿಗೆ ಏನು ಕೊಟ್ಟಿರಿ ಎಂದು ಕೇಳಿ, ಅವರು ಹೇಳಿದ ಹೆಸರುಗಳನ್ನು ಹೇಳಿದಂತೆಯೇ ಬರೆದುಕೊಳ್ಳಲಿ. ಮಧ್ಯಾಹ್ನದ ಹೊತ್ತಿಗೆ ಕೌದಿಗಳು ಒಣಗುವುವು. ಅವರು ಮಡಿಚಿಕೊಂಡು ಊರಿಗೆ ಹೊರಡುವರು.